ಟೀಚರ್ ಮಾರದ ಕಳಪೆ ಮೂರ್ತಿ

ಆವರಗೆರೆಯಲ್ಲಿ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಡ್ರಾಯಿಂಗ್ ಟೀಚರ್, ಹರಿಹರದ ಶಾಲೆಯಿಂದ ಬಂದವರೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ಅದರಲ್ಲೊಂದು ಆಟ. ಊರು ಕಟ್ಟಿ ಅದರ ಜನರನ್ನು ಬಾಳಿಸಬೇಕು. ಆ ಜನ ಮೂರ್ತಿಗಳನ್ನೂ ಕೆತ್ತುತ್ತಾರೆ. ಪರದೆಯ ಮೇಲೆ ಎಲ್ಲ ಮೂರ್ತಿಯೂ ಒಂದೇ ಥರದ ಬೂದುಗಲ್ಲು. ಒತ್ತಿದರೆ ಮಾತ್ರ ಅದರಲ್ಲಿ ಏನು ಕೆತ್ತಿದೆ ಎಂಬ ಇಂಗ್ಲಿಷ್ ಬರಹ ಬರುತ್ತದೆ, ಜೊತೆಗೆ ಒಂದು ದರ್ಜೆ: ಕಳಪೆ, ಸಾಧಾರಣ, ಉತ್ತಮ, ಅಮೋಘ. ಟೀಚರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬರಹವನ್ನು ನನಗೂ ನನ್ನ ಮಗಳಿಗೂ ಕನ್ನಡದಲ್ಲಿ ಹೇಳುವರು. ದರ್ಜೆ ಬಂದಾಗ, "ಅದಿರ್ಲಿ ಬಿಡ್ರಿ" ಎಂದು ಮುಂದೆ ಹೋಗುವರು.

ಒಂದು ಸಂಜೆ ಆಟದೊಳಗಿನ ಕಲ್ಲುಕುಟಿಗ ತೀರಿಹೋದ ತನ್ನ ಹೆಂಡತಿಯನ್ನು ಕೆತ್ತಿದ. ಆಕೆ ನಾಯಿಗೆ ಅನ್ನ ಹಾಕುತ್ತಿದ್ದಾಳೆ ಎಂದಿತ್ತು ಬರಹ. ದರ್ಜೆ ಕಳಪೆ. ಅಂಥದ್ದನ್ನು ಇಟ್ಟುಕೊಂಡರೆ ಊರಿನ ಅಂದ ಕೆಡುತ್ತದೆ ಎನ್ನುವುದು ಆಟದ ಲೆಕ್ಕ.

"ಮಾರಿಬಿಡ್ರಿ ಟೀಚರ್, ಚಂದಂದು ಬ್ಯಾರೆ ಕೆತ್ತಿಸ್ರಿ" ಎಂದೆ.

"ಯಾರಿಗೆ ಮಾರ್ಲಿ? ಆಕೆ ಗುರ್ತು ಇರಾದು ಇವನೊಬ್ಬನಿಗೇ" ಎಂದು ಅದನ್ನು ಅವನ ಹಾಸಿಗೆಯ ಪಕ್ಕದಲ್ಲಿ ಇಡಿಸಿದರು.

ಅವರು ವರ್ಗವಾಗಿ ಹೊರಟ ದಿನ ನನ್ನ ಮಗಳು ಒಂದು ಚಿತ್ರ ಬರೆದು ತಂದಳು. ಆ ವರ್ಷ ನಾವು ಕಳೆದುಕೊಂಡ ಅವಳ ಅಜ್ಜ. ಕಿವಿ ಮೊರದಷ್ಟಿದ್ದವು.

"ಹೆಂಗೈತೆ ಮಿಸ್?"

ಟೀಚರ್ ಕನ್ನಡಕ ಇಳಿಸಿದರು. "ಅಜ್ಜ ಮಂಡಕ್ಕಿ ತಿನ್ಕೊಂತ ಬಾಗ್ಲಲ್ಲಿ ಕುಂತಾನೆ. ನಿನ್ ದಾರಿ ನೋಡ್ತಾನೆ."

ಚೆನ್ನಾಗಿದೆ ಎನ್ನಲಿಲ್ಲ. ಮಗಳೂ ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಚಿತ್ರವನ್ನು ತನ್ನ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದಳು.