ಕಾಲುವೆ ಅಂಚಿನ ಅರೆಕೀರೆ

ಸೊಪ್ಪು ಮಾರುವ ದೊಡ್ಡಕ್ಕನಿಗೆ ಜಂಬ ಜಾಸ್ತಿ, ತನ್ನ ಸೊಪ್ಪಿನ ಮಾತು ಬಂದರಂತೂ ಕೇಳುವುದೇ ಬೇಡ. ಸೇಲಂನ ನಮ್ಮ ಬೀದಿಗೆ ಸೊಪ್ಪು ತರುವವರು ಬೇರೆಯವರೂ ಇದ್ದಾರೆ. ಆದರೆ ಬಾಣಂತಿ ಇರುವ ಮನೆಯಲ್ಲಿ ಕಾಸು ಮುಟ್ಟದವಳು ಇವಳೊಬ್ಬಳೇ.

"ಆಲು ಕುಡಿಯೋ ಕೂಸಿನ್ ಮನೇಲಿ ಕಾಸ್ ಇಸ್ಕಂಡ್ರೆ ನನ್ ತೋಟ ಒಣಗೋಯ್ತದೆ" ಎನ್ನುತ್ತಿದ್ದಳು.

ಹಾಲು ಹೆಚ್ಚಲೆಂದು ಹಾಗೆ ಕೊಡುವ ಅರೆಕೀರೆ ಸೊಪ್ಪನ್ನು ಎಲ್ಲೆಂದರಲ್ಲಿ ಕೀಳುತ್ತಲೂ ಇರಲಿಲ್ಲ. ಅವಳ ತೋಟದ ಅಂಚಿನಲ್ಲಿ ಬೆಳ್ಳಿ ಗೆಜ್ಜೆ ಮಾಡುವ ಮನೆಗಳ ನೀರು ಹರಿಯುವ ಕಾಲುವೆಯಿದೆ. ಬೇಸಿಗೆಯಲ್ಲಿ ಉಳಿದ ಸೊಪ್ಪೆಲ್ಲ ಬಾಡಿದರೂ ಅಲ್ಲಿಯದು ಕಡುಹಸಿರು. ಅದು ಬಾಣಂತಿಯರ ಪಾಲು. ಕಾಸು ಕೊಟ್ಟು ಕೊಳ್ಳುವ ನಮಗೆ ಬಾಡಿದ್ದು! ಮಗಳು ಅಪರ್ಣಾ ಹೆರಿಗೆಗೆ ಬಂದ ಮೇಲೆ ನಮಗೂ ಆ ಭಾಗ್ಯ ದಕ್ಕಿತು.

ನನ್ನ ತಂಗಿಯ ಮಗಳು ಭಾರ್ಗವಿ ಗಿಡಗಳ ಪ್ರೋಟೀನ್ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಮಗು ನೋಡಲು ಬಂದವಳು ಕಾಲುವೆಯ ಕತೆ ಕೇಳಿ ಒಂದು ಕಟ್ಟು ಸೊಪ್ಪು ಒಯ್ದಳು. ಮತ್ತೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ದೊಡ್ಡಕ್ಕನನ್ನು ಜಗಲಿಯ ಮೇಲೆ ಕೂರಿಸಿಕೊಂಡಳು.

"ಬೆಳ್ಳಿ ಬೆಸುಗೆಯಲ್ಲಿ ಕ್ಯಾಡ್ಮಿಯಂ ಅಂತ ಒಂದು ಲೋಹ ಇರುತ್ತೆ, ದೊಡ್ಡಕ್ಕ. ವಿಷ. ನೀರಿನ ಜೊತೆ ಗಿಡದೊಳಗೆ ಹೋಗುತ್ತೆ. ಗಿಡ ಸುಮ್ಮನೆ ಸಾಯಲ್ಲ, ಅದನ್ನ ಹಿಡಿಯೋಕೆ ಅಂತಲೇ ಪುಟ್ಟ ಪುಟ್ಟ ಪ್ರೋಟೀನ್ ಮಾಡಿಕೊಳ್ಳುತ್ತೆ. ಅವು ವಿಷವನ್ನ ಕಟ್ಟಿ, ಎಲೆಯೊಳಗೆ ಒಂದು ಮೂಲೆಗೆ ಕೂಡಿಹಾಕುತ್ತವೆ. ನಿಮ್ಮ ಸೊಪ್ಪಿನಲ್ಲಿ ಅವು ಸಿಕ್ಕಾಪಟ್ಟೆ ಇವೆ."

"ಅಂಗಾರೆ ನನ್ ಗಿಡ ಬಲೇ ಜಾಣೆ!" ದೊಡ್ಡಕ್ಕ ಹಿಗ್ಗಿದಳು. "ಇಸಾನೂ ಗೆದ್ಬುಡ್ತದೆ."

"ಗಿಡ ಗೆಲ್ಲುತ್ತೆ. ವಿಷ ಮಾತ್ರ ಎಲೆಯಲ್ಲೇ ಉಳಿಯುತ್ತೆ."

ಒಳಗೆ ಅಪರ್ಣಾ ಮಗುವಿಗೆ ಹಾಲೂಡಿಸುತ್ತಿದ್ದಳು. ದೊಡ್ಡಕ್ಕ ಅತ್ತ ನೋಡಿದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದದ್ದೆಲ್ಲ ಬೈದೆ. ತಿಂದದ್ದು ಸ್ವಲ್ಪ ದಿನ ತಾನೇ, ಇವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸೋಣ ಎಂದು ಭಾರ್ಗವಿ ಸಮಾಧಾನ ಹೇಳುತ್ತಿದ್ದಂತೆ ದೊಡ್ಡಕ್ಕ ಎದ್ದುಬಿಟ್ಟಳು.

"ಎಲ್ಲಿಗೆ?" ಎಂದೆ.

"ಇನ್ನೂ ಬಾಣ್ತೀರ್ ಮನೆ ಅವೆ, ತಾಯಿ. ಓಗಿ ಯೋಳ್‌ಬೇಕು."

"ಯಾರ ಕೈಲಾದರೂ ಹೇಳಿಕಳಿಸು. ನೀನೇ ಹೋದರೆ ಶಾಪ ಹಾಕ್ತಾರೆ. ನಾಳೆಯಿಂದ ನಿನ್ನ ಹತ್ತಿರ ಯಾರೂ ಸೊಪ್ಪು ಕೊಳ್ಳಲ್ಲ."

"ಆಕ್ಲಿ. ಆರಿಸ್ ಆರಿಸ್ ಕೊಟ್ಟೋಳು ನಾನೇ ಅಲ್ವಾ?"

ನನ್ನ ಕೋಪ ಜರ್ರನೆ ಇಳಿಯಿತು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಚಪ್ಪಲಿ ಮೆಟ್ಟಿ ಹಿಂದೆಯೇ ಹೋದೆ.

ಮೊದಲ ಮನೆಯವಳು ಚೊಚ್ಚಲ ಬಾಣಂತಿ, ತಮಿಳು ಹುಡುಗಿ, ತಾಯಿಯಿಲ್ಲದವಳು. ದೊಡ್ಡಕ್ಕನನ್ನು ಕಂಡದ್ದೇ ಮಗುವನ್ನು ಹೆಗಲಿಗೆ ಹಾಕಿಕೊಂಡು ನಗುತ್ತಾ ಬಂದಳು.

"ವಾಂಗಕ್ಕಾ! ಉಂಗ ಕೀರೆಯಾಲ ಪಾಲು ನಲ್ಲಾ ಸುರಕ್ಕುದು."

ನಿಮ್ಮ ಸೊಪ್ಪಿನಿಂದ ಹಾಲು ಚೆನ್ನಾಗಿ ಬರುತ್ತಿದೆ ಎಂದಳು. ದೊಡ್ಡಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಆ ಹುಡುಗಿಯ ಕಾಲು ಹಿಡಿದುಕೊಂಡಳು.