ನಸುಗುನ್ನಿ ಬೀಜದ ಹಾಲು

ನಸುಗುನ್ನಿ ಬಳ್ಳಿಯನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈಯುರಿಯುತ್ತದೆ. ಬಳ್ಳಿ ಪಾಪ, ಏನು ತಪ್ಪು ಮಾಡಿತ್ತು? ಆದರೂ ಉರಿಯುತ್ತದೆ.

ಕೊರಟಗೆರೆ ಕಡೆಯ ನನ್ನ ಗಂಡನ ಮನೆಯಲ್ಲಿ ಆ ಬಳ್ಳಿಗಿದ್ದ ಮರ್ಯಾದೆ ನನಗಿರಲಿಲ್ಲ. ಹೊಲದ ಬೇಲಿಯ ತುಂಬ ಅದೇ. ಸೋತ ಹೊಲದಲ್ಲಿ ಒಂದು ಮಳೆಗಾಲ ಅದನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಬಳ್ಳಿ ಸಮೇತ ಉತ್ತು ಮಣ್ಣಿಗೆ ಸೇರಿಸಿದರೆ ಮುಂದಿನ ವರ್ಷ ರಾಗಿ ಎದ್ದು ನಿಲ್ಲುತ್ತಿತ್ತು. ಕಾಯಿಯ ಮೇಲಿನ ಸಣ್ಣ ರೋಮವನ್ನು ಬೆಲ್ಲದಲ್ಲಿ ಕಲಸಿ ಮಕ್ಕಳಿಗೆ ನುಂಗಿಸುತ್ತಿದ್ದರು, ಜಂತುಹುಳ ಬೀಳಲಿ ಅಂತ.

ಕಾಯಿ ಕೀಳುವುದು ಮಾತ್ರ ಹೆಂಗಸರ ಕೆಲಸ. ಗಂಡಸರು ಆ ಬೇಲಿಯ ಹತ್ತಿರವೂ ಸುಳಿಯುತ್ತಿರಲಿಲ್ಲ, ಅಷ್ಟು ನವೆ. ಇಬ್ಬನಿ ಆರುವ ಮೊದಲೇ ಕೀಳಬೇಕು. ಬಿಸಿಲೇರಿದರೆ ರೋಮ ಗಾಳಿಗೆ ಹಾರಿ ಕುತ್ತಿಗೆ, ಕಂಕುಳು ಎಲ್ಲ ಕಡೆ ಕೂರುತ್ತದೆ. ಆಗ ಸಗಣಿ ಬಳಿದುಕೊಂಡು, ಒಣಗಿಸಿ, ಉದುರಿಸಬೇಕು. ಪಾವಗಡದ ಕಡೆಯ ನನ್ನ ತವರಿನಲ್ಲಿ ಇದಕ್ಕೆ ದೂಲಗೊಂಡಿ ಅನ್ನುತ್ತಿದ್ದೆವು. ಹೊಸದರಲ್ಲಿ ಆ ಮಾತು ಬಾಯಿಗೆ ಬಂದದ್ದೇ ತಡ, ತೆಲುಗು ಸೀಮೆಯ ಸೊಸೆಗೆ ಒಂದು ಕಾಯಿಯ ಹೆಸರೂ ನೆಟ್ಟಗೆ ಬರುವುದಿಲ್ಲವೆಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಕಾಯಿಯೊಳಗಿನ ಬೀಜ ಹೋರಿಯ ಪಾಲು. ನಮ್ಮ ಮನೆಯಲ್ಲೊಂದು ಹಳ್ಳಿಕಾರ್ ಹೋರಿ ಇತ್ತು. ಸುತ್ತಲಿನ ಊರಿನವರು ಹಸು ಬೆದೆಗೆ ಬಂದರೆ ಅದರ ಹತ್ತಿರವೇ ಹೊಡೆದುಕೊಂಡು ಬರುತ್ತಿದ್ದರು. ಬೀಜ ಬೇಯಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಹೊಸ ನೀರಿಟ್ಟು ಬೇಯಿಸಿ, ನಂಜು ಬಿಟ್ಟ ಮೇಲೆ ಸಿಪ್ಪೆ ಸುಲಿದು, ರುಬ್ಬಿ, ಹಿಂಡಿಯಲ್ಲಿ ಕಲಸಿ ಅದರ ಮುಂದಿಡಬೇಕು. ಆ ಕೆಲಸವೂ ನನ್ನದೇ.

ಮದುವೆಯಾಗಿ ಏಳೆಂಟು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ಬೇವಿನ ಕಷಾಯ ಕುಡಿಸಿದರು. ಹರಳೆಣ್ಣೆ ಕುಡಿಸಿದರು. ನಾಗರಕಲ್ಲು ಸುತ್ತಿಸಿದರು. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಹರಕೆ ಹೊರಿಸಿ ಉಪವಾಸ ಕೆಡವಿದರು. ಎಲ್ಲ ಔಷಧಿಯೂ ನನಗೇ. ನಮ್ಮ ಯಜಮಾನರು ತುಪ್ಪ ಹಾಕಿಸಿಕೊಂಡು ಮುದ್ದೆ ಉಣ್ಣುತ್ತ ಆರಾಮಾಗಿದ್ದರು.

ಸಿದ್ಧರಬೆಟ್ಟದಲ್ಲಿ ಬೇರುನಾರು ಆರಿಸಿ ಊರೂರು ತಿರುಗುವ ಪಂಡಿತನೊಬ್ಬ ಸುಗ್ಗಿ ಕಳೆದ ಮೇಲೆ ನಮ್ಮಲ್ಲಿಗೆ ನಸುಗುನ್ನಿ ಬೀಜಕ್ಕೆ ಬರುತ್ತಿದ್ದ. ಬಾಯಿಬಡುಕ, ತನ್ನನ್ನು ತಾನೇ ಧನ್ವಂತರಿ ಅಂದುಕೊಂಡವನು. ಒಂದು ಸಲ ಅತ್ತೆ ನನ್ನನ್ನು ಕೂರಿಸಿ ನಾಡಿ ತೋರಿಸಿದರು. ಇವಳಿಗೇನೂ ಆಗಿಲ್ಲ ಅಂದ ಅವನು, ಮೊರದಲ್ಲಿದ್ದ ಬೀಜದ ಕಡೆ ಕೈ ತೋರಿಸಿ, ಇದು ಗಂಡಸಿನ ಔಷಧಿ, ಹಾಲಿನಲ್ಲಿ ಬೇಯಿಸಿ ಒಂದು ಮಂಡಲ ಮಗನಿಗೆ ಕುಡಿಸಿ ನೋಡಿ ಅಂದ. ಅತ್ತೆಯ ಮುಖ ಕೆಂಪಾಯಿತು.

"ನನ್ ಮಗ ಏನು ಹೋರಿಯೇನಯ್ಯ? ಮ್ಯಾಕೇಳು."

ಪಂಡಿತ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ನಾನೇ ಧೈರ್ಯ ಮಾಡಿ ಯಜಮಾನರ ಹತ್ತಿರ ಮಾತು ತೆಗೆದೆ. ಇನ್ನೊಂದು ಸಲ ಅಂಥ ಮಾತು ಬಂದರೆ ತವರಿನ ದಾರಿ ಹಿಡಿ ಅಂದರು.

ತವರಿಗೆ ಹೋಗಲಿಲ್ಲ, ಮನೆಗೆ ಸವತಿ ಬಂದಳು. ನಮ್ಮಲ್ಲಿ ಎರಡನೆಯ ಹೆಣ್ಣು ತರುವಾಗ ಮೊದಲನೆಯವಳೇ ಹೋಗಿ ಆ ಹುಡುಗಿಯ ಮಡಿಲಿಗೆ ವೀಳ್ಯ ಹಾಕಬೇಕು, ತನ್ನ ಒಪ್ಪಿಗೆ ಇದೆ ಅಂತ. ಒಪ್ಪಿಗೆಯಂತೆ! ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು. ಆ ಹೊಗೆ ಕುಡಿಯುತ್ತ ಶಿರಾಕ್ಕೆ ಹೋಗಿ, ಮಸಿ ಹತ್ತಿದ ಮುಖ ತೊಳೆದುಕೊಂಡು, ವೀಳ್ಯ ಹಾಕಿ ಬಂದೆ.

ಎರಡು ಮೂರು ವರ್ಷ ಕಳೆದರೂ ಕಿರಿಯವಳಿಗೂ ಏನೂ ಇಲ್ಲ. ಆದರೆ ಅವಳಿಗೆ ಕೇಳುವವರಿದ್ದರು. ಅವಳ ಅಣ್ಣ ಬಂದು ಜಗುಲಿಯಲ್ಲಿ ಕೂತು, ನಮ್ಮ ಹುಡುಗಿಯಲ್ಲಿ ಊನವೇನೂ ಇಲ್ಲ, ಹೀಗೇ ಆದರೆ ಕರೆದುಕೊಂಡು ಹೋಗುತ್ತೇನೆಂದು ಊರಿಗೆಲ್ಲ ಕೇಳುವಂತೆ ಹೇಳಿ ಎದ್ದ. ಅವನು ಹೋದ ಮೇಲೆ ಅತ್ತೆ ಒಂದು ಬೊಗಸೆ ನಸುಗುನ್ನಿ ಬೀಜ ತಂದು ನನ್ನ ಮುಂದಿಟ್ಟು ಅಡುಗೆಮನೆಯ ಬಾಗಿಲು ಹಾಕಿದರು. ಹೋರಿಗೆ ಬೇಯಿಸಿದ ಹಾಗೇ ಬೇಯಿಸು, ಆಮೇಲೆ ಹಾಲು ಬೆಲ್ಲ ಹಾಕು, ಅವನು ಕೇಳಿದರೆ ಬಾದಾಮಿ ಹಾಲು ಅನ್ನು ಅಂದರು.

ನಾನು ಬೀಜ ತೊಳೆಯುತ್ತಲೇ ಕೇಳಿದೆ. "ಅತ್ತೆಮ್ಮ, ಇದನ್ನ ಅವತ್ತೇ ಕುಡಿಸ್ಬೌದಿತ್ತಲ್ಲ?"

"ಅವಾಗ ನೀನೊಬ್ಳೇ ಇದ್ದೆ ಕಣಮ್ಮ. ತಪ್ಪು ನಿಂದೇ ಅನ್ಕಂಡೊ. ಈಗ ಇಬ್ರಾದ್ರಲ್ಲ."

ಅವರ ದನಿಯಲ್ಲಿ ದ್ವೇಷವಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.

ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಲು ಕುದಿಯುವಷ್ಟರಲ್ಲಿ ನನಗೂ ಆಸೆ ಹುಟ್ಟಿತು. ನನಗಿನ್ನೂ ವಯಸ್ಸು ಮೀರಿರಲಿಲ್ಲ. ಸಂಜೆ ತಲೆಗೆ ಮಿಂದು ಹೂ ಮುಡಿದೆ. ಅತ್ತೆ ಹೂವು ನೋಡಿದರು. ಹಾಲು ಕುಡಿಯುವಷ್ಟು ದಿನ ಅವನು ಕಿರಿಯವಳ ಕೋಣೆಯಲ್ಲೇ ಇರಲಿ ಅಂದು, ನನ್ನ ಮುಖ ನೋಡಿ ಸಮಾಧಾನ ಮಾಡುವವರ ಹಾಗೆ, "ಔಷ್ದ ಹಂಚಾಕಾಗಲ್ಲ ಕಣಮ್ಮ" ಅಂದರು. ಲೋಟವನ್ನು ಆ ಕೋಣೆಯ ಬಾಗಿಲಿಗೆ ಒಯ್ದು ಕೊಟ್ಟು ಬಂದೆ. ಮಂಡಲ ಮುಗಿಯುವ ತನಕ ದಿನವೂ ಒಯ್ದೆ. ಮುಗಿದ ಮೇಲೂ ಯಜಮಾನರು ನನ್ನ ಕಡೆ ಬರಲಿಲ್ಲ.

ಮುಂದಿನ ವರ್ಷ ಕಿರಿಯವಳಿಗೆ ಗಂಡು ಮಗು. ಬಾದಾಮಿ ಹಾಲಾಗಲಿ, ನಸುಗುನ್ನಿಯಾಗಲಿ ಯಾರ ಬಾಯಲ್ಲೂ ಬರಲಿಲ್ಲ. ಎಲ್ಲ ಅವಳ ಕಾಲ್ಗುಣ. ಅಂದಮೇಲೆ ನಾನು ಬಂಜೆಯೆಂಬುದಕ್ಕೆ ಇನ್ನಾವ ಸಾಕ್ಷಿ ಬೇಕು ಅನ್ನುತ್ತ ಊರಿನ ಹೆಂಗಸರು ನನ್ನೆದುರಿಗೇ ಎಲೆಅಡಿಕೆ ಮಡಚಿದರು. ತೊಟ್ಟಿಲು ಕಟ್ಟುವ ದಿನ ಕಿರಿಯವಳು, ಅಕ್ಕ, ನೀನೇ ಮೊದಲು ತೂಗು ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಅತ್ತೆ ಬಂದು ಹಗ್ಗ ಬಿಡಿಸಿಕೊಂಡರು.

"ಬಂಜೆ ಕೈ ತಾಗ್ಬಾರ್ದು ಕಣಮ್ಮ. ನಿನಗ್ ಗೊತ್ತಿಲ್ವಾ?"