ಮಜ್ಜಿಗೆಯೊಳಗಿನ ಗುಳಿಗೆ

ಹೆಣ್ಣುಮಗಳೆಂದು ಮಂದಿ ಬಾಯಾರು ಎಂದೇ ಕರೆಯುತ್ತಿದ್ದ ಡಾಕ್ಟರ ಸಣ್ಣ ಮಣಿಕಟ್ಟಿನಲ್ಲಿ ಗಂಡಸರ ದೊಡ್ಡ ಗಡಿಯಾರ. ಕೈ ಎತ್ತಿದರೆ ಮೊಣಕೈತನಕ ಜಾರುತ್ತಿತ್ತು. ರೋಗಿ ಮಾತು ಶುರು ಮಾಡಿದೊಡನೆ ಅದನ್ನು ಬಿಚ್ಚಿ ಮೇಜಿನ ಮೇಲೆ ಬೋರಲು ಇಡುತ್ತಿದ್ದರು. ಹೊರಗೆ ಲಕ್ಷ್ಮೇಶ್ವರ, ಮುಂಡರಗಿಯಿಂದ ಬಂದ ಮಂದಿ ಎಷ್ಟೇ ಕಾದಿರಲಿ, ಒಳಗಿದ್ದ ರೋಗಿಯ ಮಾತು ಮುಗಿಯುವವರೆಗೆ ಅದನ್ನು ತಿರುಗಿಸಿ ನೋಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಮನೋರೋಗಿಗಳನ್ನು ನೋಡಲು ಅವರು ವಾರಕ್ಕೊಮ್ಮೆ ಗದಗಿಗೆ ಬರುತ್ತಿದ್ದರು. ಬೆಟಗೇರಿಯಲ್ಲಿ ಮಗ್ಗ ನಡೆಸುತ್ತಿದ್ದ ನನ್ನ ತಮ್ಮನಿಗೆ ಆಗ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಬಾಯಾರು ಗುಳಿಗೆ ಬರೆದುಕೊಟ್ಟರು. ಕೆಲವು ದಿನ ನುಂಗಿದ ತಮ್ಮ ಆಮೇಲೆ ಒಲ್ಲೆನೆಂದ. ಮ್ಯಾಟ್ರಿಕ್ ಕಲಿತ ಶಾಣ್ಯಾ ನಾನು. ಯಾರಿಗೂ ಹೇಳದೆ ಗುಳಿಗೆ ಪುಡಿ ಮಾಡಿ, ಅವ್ವ ಅವನಿಗೆಂದು ಇಟ್ಟ ಮಜ್ಜಿಗೆಯಲ್ಲಿ ಕದಡಿದೆ.

"ಕಹಿ ಐತಿ," ಎಂದ.

"ನಿನ್ನ ತಲಿ ಕೆಟ್ಟೈತಿ," ಎಂದೆ.

ಎರಡು ತಿಂಗಳಲ್ಲಿ ಅವನು ಅವ್ವ ಕೊಟ್ಟ ರೊಟ್ಟಿಯನ್ನೂ ಮುಟ್ಟದಾದ. ಅವ್ವ ಒಲೆಯ ಮುಂದೆ ಕೂತು ಅಳುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.

ಮೂವರೂ ಗದಗಿಗೆ ಹೋದೆವು. ನಾನು ಮಾತು ತೆಗೆದೆ.

"ತಡೀರಿ. ಬ್ಯಾನಿ ಯಾರದು? ಮೊದಲ ಅವರು ಹೇಳ್ಲಿ," ಎಂದು ಬಾಯಾರು ಗಡಿಯಾರ ಬಿಚ್ಚಿದರು.

"ನಮ್ಮವ್ವ ಮಜ್ಜಿಗ್ಯಾಗ ವಿಷಾ ಹಾಕ್ತಾಳ್ರಿ," ಎಂದ ತಮ್ಮ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಬಾಯಾರ, ಗುಳಿಗಿ ಹಾಕಿದಾಂವ ನಾನ್ರಿ."

"ನನಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ."

ತಮ್ಮನ ಕಡೆ ತಿರುಗಿ ಎಲ್ಲವನ್ನೂ ಹೇಳಿದೆ. ಅವನು ನನ್ನನ್ನೇ ದಿಟ್ಟಿಸಿದ. "ಹಂಗಾರ ಕಹಿ ಇದ್ದದ್ದು ಖರೆನ ಆತಲ್ಲೋ ಅಣ್ಣಾ! ಹುಚ್ಚ ಯಾರು ಈಗ?"

ಬಾಯಾರಿಗೆ ನಗು ತಡೆಯಲಾಗಲಿಲ್ಲ. ತಮ್ಮನೂ ನಕ್ಕ. ಅವರು ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟು, ಅದು ಏನು ಮಾಡುತ್ತದೆಂದು ತಿಳಿಸಿ, ನುಂಗಿದರೆ ಏನು ತೊಂದರೆ ಎಂದು ಕೇಳಿದರು.

"ಕೈ ನಡಗತಾವ್ರಿ. ಮಗ್ಗದಾಗ ನೂಲಿನ ಎಳಿ ಹರದರ ಗಂಟ ಹಾಕಾಕ ಆಗೂದಿಲ್ಲ."

"ಇದನ್ನ ನಿಮ್ಮಣ್ಣ ನನಗ ಹೇಳೇ ಇಲ್ಲ ನೋಡ್ರಿ," ಎಂದು ಔಷಧದ ಪ್ರಮಾಣ ಇಳಿಸಿದರು.

ಮನೆಗೆ ಬಂದಾಗ ಅವ್ವ ತಂಬಿಗೆಯಲ್ಲಿ ಮಜ್ಜಿಗೆ ತಂದಳು. "ಮೊದಲ ಅಣ್ಣ ಕುಡೀಲಿ," ಎಂದ ತಮ್ಮ. ಒಂದು ಗುಟುಕು ಕುಡಿದೆ. ಉಳಿದದ್ದನ್ನು ಅವನು ಕುಡಿದ. ನಮ್ಮ ಮನೆಯಲ್ಲಿ ಅದೇ ರೂಢಿಯಾಯಿತು.

ಅವನು ಮತ್ತೆ ಮಗ್ಗಕ್ಕೆ ಕೂತ. ಮುಂದೆ ನಾವು ಗದಗಿಗೆ ತೋರಿಸಲು ಹೋದಾಗಲೆಲ್ಲ ಬಾಯಾರು ಹೊಸ ರೋಗಿಗಳ ಮನೆಯವರನ್ನು ಅವನ ಹತ್ತಿರ ಕೂಡ್ರಿಸತೊಡಗಿದರು. "ಗುಳಿಗಿ ನುಂಗಿದವರನ್ನ ಕೇಳ್ರಿ. ನಾ ಬರದು ಕೊಡಾಕಿ ಅಷ್ಟ," ಎನ್ನುತ್ತಿದ್ದರು. ತಮ್ಮ ನನ್ನತ್ತ ಬೆರಳು ಮಾಡುತ್ತಿದ್ದ: "ಕದ್ದು ಹಾಕಬ್ಯಾಡ್ರಿ. ಹಾಕಿದ್ರ ಏನಾಕ್ಕೈತಿ, ನಮ್ಮಣ್ಣನ್ನ ಕೇಳ್ರಿ!" ತಲೆ ತಗ್ಗಿಸಿ ಹೇಳಲು ಶುರು ಮಾಡುತ್ತಿದ್ದೆ, ಮುಗಿಸುವಾಗ, ಇವನ ಅಣ್ಣ ನಾನು ಎಂದು ಎದೆಯುಬ್ಬುತ್ತಿತ್ತು.

ಬಾಯಾರು ತೀರಿಕೊಂಡ ಸುದ್ದಿ ಬಂದ ದಿನ ತಮ್ಮ ಮಗ್ಗ ನಿಲ್ಲಿಸಿದ್ದ. ಮಜ್ಜಿಗೆ ಒಯ್ದೆ. ಎಂದಿನಂತೆ ನಾನು ಗುಟುಕು ಕುಡಿಯಹೋದಾಗ ಅವನು ಕೈ ಚಾಚಿ ತಂಬಿಗೆ ತೆಗೆದುಕೊಂಡ.

"ಸಾಕ ಬಿಡೋ ಅಣ್ಣಾ," ಎಂದು ಪೂರ್ತಿ ಕುಡಿದ.